ಮೂರಾದ ಮೇಲೆ

ಕಡೂರು ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಅಂಗಡಿ,
ಎರಡು ಸ್ಟೂಲು ಹಾಕಿದರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು.
ಮೊದಲು ರಿಪೇರಿ, ಆಮೇಲೆ ರೀಚಾರ್ಜು,
ಈಗ ಕರಡಿಗಳ ಬೆನ್ನು ಬಿಚ್ಚುತ್ತೇನೆ.
ಜಿಪ್ಪು ಎಳೆದು, ಹತ್ತಿ ಸರಿಸಿ,
ಉಗುರಿನಷ್ಟು ಕಾರ್ಡು ತೆಗೆದು, ತುಂಬಿ, ಮತ್ತೆ ಇಟ್ಟು
ಅಂಗೈ ಒತ್ತಿದರೆ ಮಾತಾಡಬೇಕು.
ಅರವತ್ತು ರೂಪಾಯಿ.

ಡಬ್ಬಿಯಿಂದ ಬರುವಾಗಲೇ ಅವು
ಯಾರದೋ ಮನೆಯ ಮಾತು ಕಲಿತು ಬಂದಿರುತ್ತವೆ:
ಹಿಮ ಬಿತ್ತು ಎನ್ನುತ್ತವೆ, ಕೈಗವಸು ಎಲ್ಲಿ ಎನ್ನುತ್ತವೆ,
ಏಪ್ರಿಲ್ಲಿನ ಕಡೂರಿನಲ್ಲಿ, ಫ್ಯಾನು ಬಿಸಿಗಾಳಿ ರುಬ್ಬುತ್ತಿರುವಾಗ.

ಏನು ತುಂಬಲಿ ಎಂದು ಕೇಳುವುದೇ ಕಷ್ಟದ ಕೆಲಸ.
ಆಪುಗಳ ಪಟ್ಟಿ ತೋರಿಸುತ್ತೇನೆ,
ಮೂರರಿಂದ ಐದು ವರ್ಷ, ಅರ್ಧ ಬಿಟ್ಟಿ, ಅರ್ಧಕ್ಕೆ ಬೀಗ;
ಮೊಲವೊಂದು ಕುಣಿದೂ ಕುಣಿದೂ
ಅಪ್ಪನ ಬ್ಯಾಂಕ್ ಕಾರ್ಡಿನ ನಂಬರು ಕೇಳುವಂಥವು.
ಅವನ್ನು ನಾನೇ ಬೇಡ ಅನ್ನುತ್ತೇನೆ. ಹೋದರೆ ಹೋಗಲಿ ವ್ಯಾಪಾರ.

ಬೀರೂರಿನ ವಿಶಾಲಾಕ್ಷಿ ಟೀಚರಿಗೆ ಕಾಗುಣಿತ ಬೇಕು,
ಹೇಳುವವಳು ಮೂಗಿನಲ್ಲಿ ಹೇಳಬಾರದು,
‘ಳ’ ಅನ್ನುವಾಗ ನಾಲಗೆ ಮಡಿಚಿದ್ದು ಕೇಳಿಸಬೇಕು.
ಹನ್ನೊಂದು ದನಿ ಕೇಳಿಸಿದೆ. ಒಂದನ್ನೂ ಒಪ್ಪಲಿಲ್ಲ.
ಮೊಟ್ಟೆ ಅಂಗಡಿಯ ಖಲಂದರನಿಗೆ
ಬಲಗೈ ಒತ್ತಿದರೆ ಉರ್ದು, ಎಡಗೈ ಒತ್ತಿದರೆ ಕನ್ನಡ.
‘ಹೊಟ್ಟೆ ಒತ್ತಿದರೆ?’
‘ಸುಮ್ನಿರಲಿ ಅಣ್ಣ, ಮಗು ರಾತ್ರಿ ಅದರ ಮೇಲೇ ಮಲಗ್ತದೆ.’

ಜಮುನಾಬಾಯಿ ಬಂದದ್ದು ಒಂದು ಬುಧವಾರ,
ಬಗಲಲ್ಲಿ ಒಂದೇ ಕಿವಿಯ ಆನೆ,
ಸೆರಗು ಹಿಡಿದ ಮಗಳು ಪೂರ್ವಿ.
‘ನಮ್ಮ ಮಾತಲ್ಲಿ ಎಣಿಕೆ ಹಾಕಿಕೊಡಿ.
ಕನ್ನಡದ್ದು ಅಂಗನವಾಡಿಯಲ್ಲಿ ಹೇಳಿಕೊಡ್ತಾರೆ.’
ಹುಡುಕಿದೆ. ಬೆರಳ ಕೆಳಗೆ ಭಾಷೆಗಳು ಜಾರಿದವು,
ಹೆಸರು ಹಿಡಿದು ಕರೆಯಲೂ ಬಾರದ ದೇಶಗಳೆಲ್ಲ ಬಂದುಹೋದವು.
ಆರು ಕಿಲೋಮೀಟರ್ ಆಚೆಯ ತಾಂಡಾ ಬರಲಿಲ್ಲ.

‘ನೀವೇ ಹೇಳಿ ಅಕ್ಕ’ ಎಂದು ಫೋನು ಚಾಚಿದೆ.
ಸೆರಗು ಸರಿಮಾಡಿಕೊಂಡು, ಫೋಟೋಗೆ ನಿಂತವಳ ಹಾಗೆ ನೆಟ್ಟಗಾಗಿ,
ಏಕ್. ದಿ. ತೀನ್.
ಆಗ ಬಂತು ಗೂಡ್ಸು.
ಡಬ್ಬಿಯ ಸ್ಕ್ರೂಗಳು ಗಿಲಿಗುಟ್ಟಿದವು, ಷಟರು ನಡುಗಿತು,
ಅವಳು ನಿಲ್ಲಿಸಲಿಲ್ಲ, ತುಟಿ ಅಲುಗಿದ್ದು ಕಂಡಿತು ಅಷ್ಟೇ.
ಪಾಂಚ್ ಎನ್ನುವಾಗ ಕೂಗು ಮುಗಿದು
ಗಾಲಿಗಳು ಮಾತ್ರ ಹಿಂದೆ ಉಳಿದಿದ್ದವು.
ಇನ್ನೊಮ್ಮೆ ಹೇಳಿಸಬೇಕಿತ್ತು ನಾನು.
ಬಸ್ಸು ತಪ್ಪುತ್ತದೆ ಅಂದಳು. ಹಾಗೇ ತುಂಬಿ ಕೊಟ್ಟೆ.

ಎರಡು ತಿಂಗಳ ಮೇಲೆ ಅದೇ ಆನೆ, ಜೊತೆಗೊಂದು ಹೊಸ ಕರಡಿ.
‘ಕೆಟ್ಟಿದೆಯಾ?’ ಎಂದೆ.
‘ಇಲ್ಲ, ಅಕ್ಕನ ಮಗುವಿಗೂ ಇದೇ ಬೇಕಂತೆ.’
‘ಆ ನಾಲ್ಕನ್ನು ಸರಿಮಾಡಿಕೊಡ್ತೀನಿ, ದುಡ್ಡು ಬೇಡ.’
ಅವಳು ನಕ್ಕು ಮಗಳನ್ನು ಮುಂದೆ ತಳ್ಳಿದಳು:
‘ಅಂಕಲ್‌ಗೆ ಹೇಳು, ನಿಂಗೆಷ್ಟು ವರ್ಷ?’
ಪೂರ್ವಿ ಹೆಬ್ಬೆರಳು ಮಡಿಚಿದಳು,
ಉಳಿದ ಬೆರಳುಗಳನ್ನು ನನ್ನ ಮೂಗಿನ ಹತ್ತಿರ ಹಿಡಿದು,
ಎದೆ ತುಂಬ ಉಸಿರೆಳೆದುಕೊಂಡು
ಕೂsss

ಈಗ ಆ ತಾಂಡಾದಲ್ಲಿ ಐದು ಆನೆ, ಎರಡು ಕರಡಿ, ಒಂದು ಡೈನೋಸಾರು.
ರೊಟ್ಟಿ ಎಣಿಸಿದರೂ, ಮೇಕೆಮರಿ ಎಣಿಸಿದರೂ
ಮೂರಾದ ಮೇಲೆ ರೈಲು.
ಸ್ಟೇಷನ್ನೇ ಇಲ್ಲದ ಊರಿಗೆ ದಿನಕ್ಕೆ ಎಷ್ಟು ಸಲ!

ವಿಶಾಲಾಕ್ಷಿ ಟೀಚರು ಇನ್ನೂ ‘ಳ’ ಹುಡುಕುತ್ತಿದ್ದಾರೆ.
ಮೊನ್ನೆ ಅಂದೆ: ನೀವೇ ಬಂದು ಹೇಳಿಬಿಡಿ ಮೇಡಂ.
‘ಎಷ್ಟು ಹೊತ್ತಿಗೆ ಬಂದರೆ ಗದ್ದಲ ಇರಲ್ಲ?’ ಎಂದರು.
ಗೂಡ್ಸಿಗೆ ಹೊತ್ತು ಅಂತ ಇಲ್ಲ ಮೇಡಂ,
ಬಂದರೆ ಬಂತು.