ಒಂದರಿಂದ ಐದರೊಳಗೆ

ಬನ್ನಿ. ಆ ಕುರ್ಚಿ ಅಲುಗಾಡ್ತದೆ, ಗೋಡೆಗೆ ಒರಗಿ ಕೂತುಕೊಳ್ಳಿ.
ಬಂದರಿನಿಂದ ಫೆರಿಯಲ್ಲಿ ಬಂದಿರಾ?
ಬೆಂಗ್ರೆಗೆ ಬಂದವರ ಚಪ್ಪಲಿಗೆಲ್ಲ ಹೊಯಿಗೆ.
ಬಾಗಿಲು ಅರ್ಧ ಇರಲಿ;
ಮುಚ್ಚಿದರೆ ಆಚೆಮನೆಗೆ ಕುತೂಹಲ,
ಪೂರ್ತಿ ತೆರೆದರೆ ನನಗೆ ಹೆದರಿಕೆ.

ಮದ್ದು ಸಿಗ್ತದಾ? ಸಿಗ್ತದೆ.
ಮೊದಲು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಗೆ,
ಈಗ ಮೂರು ತಿಂಗಳದ್ದು ಒಟ್ಟಿಗೆ ಕೊಡ್ತಾರೆ.
ನಾಲ್ಕು ಹಾಕಿ.
ಒಂದು ಯಾಕೆ ಕಡಿಮೆ ಅಂದರೆ
ಡಬ್ಬಿ ಸದ್ದು ಮಾಡ್ತದೆ ಮಾರಾಯ್ರೆ.
ಫೆರಿ ತೂಗುವಾಗ ಚೀಲದೊಳಗೆ ಗಿಲಕಿ.
ಮಗುವಿಲ್ಲದ ಹೆಂಗಸಿನ ಚೀಲದಲ್ಲಿ ಗಿಲಕಿ!
ಹತ್ತಿ ತುರುಕಿ ತರ್ತೇನೆ.
ನಿಮ್ಮ ವರದಿಯಲ್ಲಿ ಹತ್ತಿಗೆ ಜಾಗ ಉಂಟಾ?

ಸಿಬ್ಬಂದಿಯ ವರ್ತನೆ.
ಫೆಲ್ಸಿ ಸಿಸ್ಟರಿಗೆ ಐದು.
ಬೂತಾಯಿಗೆ ಇವತ್ತೆಷ್ಟು ಅಂತ ಕೇಳದೆ ಸೂಜಿ ಚುಚ್ಚಿದವಳಲ್ಲ.
ಎರಡು ದಿನ ಮಾತ್ರೆ ತಪ್ಪಿಸಿದ್ದಕ್ಕೆ ಬೈದಳು ನೋಡಿ,
ಅಮ್ಮ ಸತ್ತ ಮೇಲೆ ಯಾರೂ ನನ್ನನ್ನು ಹಾಗೆ ಬೈದದ್ದಿಲ್ಲ.
ಚೀಟಿ ಕೊಡುವ ಹೊಸ ಹುಡುಗ
ಸಾಲಿನ ಎದುರು ಹೆಸರು ಕೂಗಿದ, ಊರು ಸಮೇತ.
ಒಂದು.
ನಿಲ್ಲಿ, ಎರಡು ಹಾಕಿ.
ಆಮೇಲೆ ಮೆಟ್ಟಿಲ ಹತ್ತಿರ ಬಂದು ತಪ್ಪಾಯ್ತು ಅಂದ.

ಎಲ್ಲಿಂದ ಬಂತು ಅಂತ ನೀವು ಕೇಳಲಿಲ್ಲ.
ಮೈದುನ, ಗುರಿಕಾರರು, ಹಲ್ಲಿನ ಡಾಕ್ಟ್ರು ಕೂಡ
ಮೊದಲು ಕೇಳಿದ್ದು ಅದನ್ನೇ.
ನಿಮ್ಮ ಫಾರ್ಮಿಗೆ ನನ್ನದೊಂದು ಐದು.

ಕುಟುಂಬದ ಬೆಂಬಲ.
ಆ ಗೆರೆ ಖಾಲಿ ಬಿಡಿ.

ಅವ್ವಮ್ಮ ಅಂತ ಇದ್ದಳು, ಹಿಂದಿನ ಓಣಿಯ ಬ್ಯಾರಿ ಹೆಂಗಸು.
ಬೀಡಿಯ ಸೂಪು ಬದಿಗಿಟ್ಟು, ರಾತ್ರಿಯ ನಮಾಜು ಮುಗಿಸಿ
ಬಾವಿಕಟ್ಟೆಗೆ ಬಂದು ಕೂಗುವಳು:
ವಾರಿಜಾ, ನೀರು ಕುಡಿದೆಯಾ?
ಆರು ವರ್ಷ. ಜಡಿಮಳೆಗೂ, ಅವಳ ಮಗಳ ಮದುವೆಯ ರಾತ್ರಿಯೂ.
ಮಾತ್ರೆ ಎಂಬ ಶಬ್ದ ಒಮ್ಮೆಯೂ ಆ ಬಾಯಿಂದ ಬರಲಿಲ್ಲ.
ಗೊತ್ತಿತ್ತಾ?
ನಾನು ಹೇಳಿಲ್ಲ, ಅವಳು ಕೇಳಿಲ್ಲ.
ಬರೀ ನೀರು.

ಕಳೆದ ರಂಜಾನಿಗೆ ಮೊದಲು ತೀರಿಕೊಂಡಳು.
ಈಗ ಫೋನಿನಲ್ಲಿ ಅಲಾರಾಂ. ಒಂದು ನಿಮಿಷ ಆಚೀಚೆ ಇಲ್ಲ.
ಬಡಿದು ಸುಮ್ಮನಾಗ್ತದೆ,
ಉತ್ತರಕ್ಕೆ ಕಾಯುವುದಿಲ್ಲ.

ಬರೆಯುವುದಿಲ್ಲವಾ?
ಅಡಿಯಲ್ಲಿ ‘ಇತರೆ’ ಅಂತ ಒಂದು ಚೌಕ ಉಂಟಲ್ಲ, ಅಲ್ಲಿ ಬರೆಯಿರಿ.
ಐದು ಸಾಲದು… ಬೇಡ, ಐದೇ ಹಾಕಿ.
ಲೆಕ್ಕ ಹೆಚ್ಚಿಸುವುದು ಅವಳಿಗೆ ಆಗುತ್ತಿರಲಿಲ್ಲ,
ಬೀಡಿ ಕಟ್ಟು ಎಣಿಸುವಾಗಲೂ.

ಸಹಿ ಬೇಡವಾ? ಬರೀ ನಂಬರು? ಒಳ್ಳೆಯದಾಯ್ತು.
ಫೆರಿಗೆ ಇನ್ನೂ ಇಪ್ಪತ್ತು ನಿಮಿಷ ಉಂಟು,
ಚಹಾ ಅಲ್ಲಿಟ್ಟಿದ್ದೇನೆ.
ಒತ್ತಾಯವಿಲ್ಲ. ನಾನು ಆಚೆ ತಿರುಗಿ ಮೀನು ತೊಳೆಯುತ್ತೇನೆ,
ನೋಡುವುದಿಲ್ಲ.

ನೀವು ಹೋದ ಮೇಲೆ ಲೋಟ ಎತ್ತುವಾಗ
ಭಾರ ಗೊತ್ತಾಗ್ತದೆ ನನಗೆ.