ಮಂಗಳವಾರದ ಹಲ್ಲು

ಮೊದಲನೆಯದು ಕಾಗದ. ಒಂದೇ ವಾರ ಬಾಳಿತು.
ಗ್ವೆರ್ನ್ ಅದನ್ನು ನೋಡಿದ, ಮೂಸಿದ,
ಆಮೇಲೆ ತಿಂದ.
ಎರಡನೆಯದಕ್ಕೆ ಪ್ಲಾಸ್ಟಿಕ್ ಹೊದಿಸಿದೆ.
ಹತ್ತು ವರ್ಷ ಅಲ್ಲಾಡಲ್ಲ ಅಂದ ಅಂಗಡಿಯವನು.
ಒಂಬತ್ತು ವರ್ಷದ ಹುಡುಗನ ಕೋರೆಹಲ್ಲು
ಅವನಿಗೆಲ್ಲಿ ಗೊತ್ತು?
ಅಂಚು ಬಿಟ್ಟಿತು, ಜೊಲ್ಲು ಒಳಗಿಳಿಯಿತು,
ಗಂಟೆಯ ಚಿತ್ರ ಕದಡಿ ಕದಡಿ
ನೀಲಿ ಕೆರೆಯಾಯಿತು.

ಆ ಚಳಿಗಾಲ, ಸ್ಲೇಟುಕಲ್ಲಿನ ರಾಶಿಯ ಕೆಳಗೆ,
ವೇಲ್ಸಿನ ನಮ್ಮ ಊರಿನ ಚಾಪೆಲ್ಲು ಬಾಗಿಲು ಮುಚ್ಚಿತು.
ಬೆಂಚುಗಳು ಯಾವುದೋ ಹೋಟೆಲಿಗೆ ಹೋದವು,
ಆರ್ಗನ್ನು ಯಾರಿಗೂ ಬೇಡವಾಯಿತು.
ಗೋಡೆಯಲ್ಲಿ ಉಳಿದದ್ದು
ಕೀರ್ತನೆಯ ಸಂಖ್ಯೆ ತೋರಿಸುವ ಹಲಗೆ:
ಉದ್ದಕ್ಕೆ ಒಂದು ಜಾಡು, ಅದರಲ್ಲಿ ಜಾರಿ ಕೂರುವ ಓಕ್ ಬಿಲ್ಲೆಗಳು,
ಒಂದೊಂದರ ಮೇಲೂ ದಪ್ಪ ಬಿಳಿ ಅಂಕಿ.
ಐದು ಪೌಂಡು, ಅಂದ ಬೀಗದಕೈ ಹಿಡಿದ ಇಥೆಲ್.
ಬೇಡ, ಎರಡು ಸಾಕು.
ನನ್ನಜ್ಜಿ ಇದನ್ನು ನೋಡಿಯೇ ಪುಟ ಹುಡುಕುತ್ತಿದ್ದಳು,
ಕನ್ನಡಕ ಮರೆತ ದಿನ ಬರಿದೇ ಬಾಯಾಡಿಸುತ್ತಿದ್ದಳು.

ಅಂಕಿ ಕೆರೆಯಲಿಲ್ಲ. ಬೆನ್ನಿಗೆ ಬರೆದೆ.
ಏಳರ ಬೆನ್ನಿಗೆ ಡ್ರಮ್ಮು, ಮೂರರ ಬೆನ್ನಿಗೆ ಗಂಟೆ,
ಸೊನ್ನೆಯ ಬೆನ್ನಿಗೆ ನನ್ನ ದನಿ, ಅಂದರೆ ಒಂದು ಬಾಯಿ;
ಎಷ್ಟು ತಿದ್ದಿದರೂ ಅದು ಮೀನಿನ ಬಾಯೇ.
ನೆಕ್ಕಿದರೂ ಕೇಡಿಲ್ಲದ ಬಣ್ಣ,
ಅಗಸೆ ಎಣ್ಣೆ ಮೂರು ಕೈ, ನಡುನಡುವೆ ಒಂದು ದಿನದ ಬಿಡುವು.
ಮೂಲೆ ಉಜ್ಜಿದೆ, ಕೆನ್ನೆಗೊತ್ತಿ ನೋಡಿದೆ,
ಮತ್ತೆ ಉಜ್ಜಿದೆ.
ಅಡುಗೆಮನೆ ನೆಲಕ್ಕೆ ಎತ್ತಿ ಒಗೆದೆ.
ನೆಲ ಬಿರುಕುಬಿಟ್ಟಿತು. ಬಿಲ್ಲೆ ಬಿಡಲಿಲ್ಲ.

ಮಂಗಳವಾರ ಗ್ವೆರ್ನ್ ಡ್ರಮ್ಮನ್ನು ಮುಟ್ಟಿದ.
ಮುಟ್ಟಿದ್ದು ಡ್ರಮ್ಮನ್ನೋ, ಎಡಗಡೆಯನ್ನೋ?
ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಇದೊಂದೇ.
ಡ್ರಮ್ಮನ್ನು ಬಲಕ್ಕೆ ಸರಿಸಿದೆ.
ಕೈ ಎಡಕ್ಕೇ ಹೋಯಿತು, ಗಂಟೆಗೆ.
ಬಾರಿಸಿದೆ. ಕಿವಿ ಮುಚ್ಚಿಕೊಂಡ.
ಬೇಡದ್ದನ್ನು ತಾನೇ ಕೇಳಿ ಪಡೆದವನ ಮುಖ
ನೀವು ನೋಡಿರುತ್ತೀರಿ, ಕನ್ನಡಿಯಲ್ಲಾದರೂ.
ಆರು ಮಂಗಳವಾರ ಹೀಗೇ.
ಏಳನೆಯದು: ಅದಲುಬದಲು ಮಾಡಿ ಕಾದೆ.
ಹೊರಗೆ ಪುಟ್ಟ ರೈಲು ಕೂಗಿಕೊಂಡು ಹೋಯಿತು.
ಅವನ ಕೈ ಎಡಕ್ಕೆ ಹೊರಟಿತು,
ಗಾಳಿಯಲ್ಲಿ ನಿಂತಿತು,
ಕವಲುದಾರಿಯ ಹಸುವಿನ ಹಾಗೆ
ನಿಂತೇ ಇತ್ತು.
ಆಮೇಲೆ ದಾಟಿತು ಬಲಕ್ಕೆ. ಡ್ರಮ್ಮನ್ನು ಕಿತ್ತು,
ನನಗೆ ಕೊಡುವ ಮುಂಚೆ
ಮೂಲೆಯನ್ನು ಕಚಕ್ಕನೆ ಕಚ್ಚಿದ.
ಗಟ್ಟಿ ಓಕ್. ಆದರೂ ಮೂಡಿದವು ನಾಲ್ಕು ಹಲ್ಲು.

ಮರಳುಕಾಗದ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

ಗುರುವಾರ ಗೊರೊನ್ವಿ, ಎಂಬತ್ತಾರು.
ಪಾರ್ಶ್ವವಾಯು ಮಾತನ್ನು ಒಯ್ದಿತ್ತು,
ಕಣ್ಣು ಅದಕ್ಕೂ ಮುಂಚೆ ಹೋಗಿತ್ತು.
ಕುರುಡನಿಗೆ ಚಿತ್ರವೇಕೆ ಎಂದು ನರ್ಸು ಹುಬ್ಬೇರಿಸಿದಳು.
ನನ್ನ ಹತ್ತಿರ ಉತ್ತರವಿರಲಿಲ್ಲ,
ಬೇರೆ ಚೀಲವೂ ಇರಲಿಲ್ಲ.
ಸ್ಲೇಟು ಸೀಳಿ ಸೀಳಿ ಚಪ್ಪಟೆಯಾದ ಬೆರಳು
ಬಿಲ್ಲೆಗಳ ಮೇಲೆ ನಡೆಯಿತು.
ಗಂಟೆ, ನುಣುಪು. ಮೀನು, ನುಣುಪು.
ಮೂರನೆಯದರ ಮೂಲೆಯಲ್ಲಿ ಹೆಬ್ಬೆರಳು ಕುಳಿತುಬಿಟ್ಟಿತು.
ಗುಂಡಿಯಿಂದ ಗುಂಡಿಗೆ ಇಳಿದು ಹತ್ತಿ
ಎಣಿಸಿತು, ನಾಲ್ಕು,
ತಿರುಗಿ ಎಣಿಸಿತು.
ಗೊರೊನ್ವಿ ಬೊಚ್ಚುಬಾಯಿ ತೆರೆದು ನಕ್ಕ,
ಬಿಲ್ಲೆಯನ್ನು ಬಾಯಿಗೊಯ್ದು
ಒಸಡಿನಲ್ಲಿ ಅಳತೆ ನೋಡಿದ.
ಹಲ್ಲಿದ್ದವನು ಕಚ್ಚಿಟ್ಟ ಕಡಲೆ
ಹಲ್ಲಿಲ್ಲದವನಿಗೆ ಸಿಕ್ಕಿತ್ತು.
ಡ್ರಮ್ಮು ಕೊಟ್ಟೆ. ಬಹಳ ನಿಧಾನ ಬಾರಿಸಿದ,
ನಡುವೆ ನಿಂತು ನಿಂತು,
ಎಲ್ಲೋ ಇನ್ನೊಬ್ಬನ ಸರದಿ ಬರಲಿ ಎಂಬಂತೆ.

ಮುಂದಿನ ವಾರಕ್ಕೆ ಗಂಟೆಗೂ ಒಂದು ಗುರುತು ಬೇಕು.
ಏನು ಮಾಡಲಿ ತೋಚದೆ
ರಾತ್ರಿ ಮೂರರ ಬಿಲ್ಲೆ ಹಿಡಿದು ಕೂತೆ.
ಒಲೆ ಆರಿತ್ತು. ಯಾರೂ ಇಲ್ಲವೆಂದು ನೋಡಿಕೊಂಡು
ನಾನೇ ಕಚ್ಚಿದೆ.
ಅಗಸೆ ಎಣ್ಣೆಯ ರುಚಿ.
ಗುರುತು ಬೀಳಲಿಲ್ಲ.