ರಾತ್ರಿ ಎರಡೂಕಾಲು, ನಾರ್ವಾ

ಫ್ಯಾನುಗಳು ನಿಂತವು.
ಇಷ್ಟು ವರ್ಷ ಅದೊಂದು ಸದ್ದೆಂದೇ
ಊರ್ವೆಗೆ ಹೊಳೆದಿರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆ. ಮಣಿಕಟ್ಟಿಗೆ ಸುತ್ತಿದ ತಂತಿಯ
ಇನ್ನೊಂದು ತುದಿ ಸರ್ವರಿನ ಕಬ್ಬಿಣಕ್ಕೆ:
ಉಣ್ಣೆ ಅಂಗಿಯ ಒಂದು ಕಿಡಿ ಸಾಕು, ಎಲ್ಲ ಬೂದಿ.

ಹಳೆಯ ಮೆಮೊರಿ ಕಡ್ಡಿ ಹದಿನಾರು
ಕಿತ್ತು ಚೀಲಕ್ಕೆ ಹಾಕಿದಳು.
ಅವುಗಳಲ್ಲೇನೂ ಇಲ್ಲ ಈಗ;
ಕರೆಂಟು ಹೋದರೆ ತನ್ನ ಹೆಸರೂ ಮರೆಯುವ ಜಾತಿ.

ಹೊಸವು. ಹೆಬ್ಬೆರಳೊತ್ತಿದರೆ ಟಕ್, ಟಕ್.
ಒಂದು ಮಾತ್ರ ಕೂರಲೊಲ್ಲದು,
ಪರದೆಯ ಲೆಕ್ಕ ಹದಿನೈದಕ್ಕೇ ನಿಂತಿತು.
ಆರಿಸಿ, ಬಿಚ್ಚಿ, ಒರೆಸಿ,
ಮತ್ತೆ, ಉಸಿರು ಹಿಡಿದು—

ಮಹಡಿಯಿಂದ ಫೋನು. "ಬಂತಾ?"
"ಇನ್ನೈದು ನಿಮಿಷ, ರಿಮ್ಮಾ."
"ಬೇಗ ಮಾರಾಯ್ತಿ.
ಮಗುವಿನ ತೂಕ ಅಂಗೈ ಮೇಲೆ ಬರೆದುಕೊಂಡಿದ್ದೇನೆ,
ಕೈ ತೊಳೆಯಬೇಕು."